ನಿಂತದ್ದು ಇಷ್ಟು, ಮಲಗಿದ್ದು ಇಷ್ಟು

12 ಜನವರಿ 1986

ನಿಂತದ್ದು: 19 ಗಂಟೆ. ಮಲಗಿದ್ದು: 4 ಗಂಟೆ.

ಅಕ್ಕಾ,

ಮೇಲಿನ ಎರಡು ಅಂಕಿಗಳೇ ನನ್ನ ಯೋಗಕ್ಷೇಮ. ಆರು ವರ್ಷದ ಹಿಂದೆ ನಾನು ಬಂದರಿನ ಕೆಲಸಕ್ಕೆ ಹೊರಟಾಗ, "ಸೌಖ್ಯ, ಆನಂದ ಅಂತೆಲ್ಲ ಸುಳ್ಳು ಬರೀಬೇಡ ಕಣೋ. ಎಷ್ಟು ಹೊತ್ತು ನಿಂತೆ, ಎಷ್ಟು ಹೊತ್ತು ಮಲಗಿದೆ, ಅಷ್ಟು ಬರಿ. ಮಿಕ್ಕಿದ್ದು ನಾನೇ ತಿಳ್ಕೋತೀನಿ" ಎಂದು ನೀನು ಹೊರಡಿಸಿದ ಸುಗ್ರೀವಾಜ್ಞೆ ಇಂದಿಗೂ ಜಾರಿಯಲ್ಲಿದೆ. ಬಂದರಿನ ಗೇಟಿನೊಳಗೆ ನಡೆಯುವ ಕಾನೂನು ಇದೊಂದೇ.

ಐದು ತಿಂಗಳು ಸುಮ್ಮನಿದ್ದವನು ಈಗ ಬಾಯಿ ಬಿಟ್ಟಿದ್ದಾನೆಂದರೆ ಏನೋ ಕೆಲಸವಿರಬೇಕು ಎಂದು ನೀನು ಕನ್ನಡಕ ಏರಿಸಿಕೊಂಡಿರುತ್ತೀಯ. ಇದೆ. ಮೊದಲು ಪೀಠಿಕೆ.

ನಿನ್ನ ಲೈಬ್ರರಿಗೆ ಬರುವವರ ಮುಂದೆ ನೀನು "ನನ್ನ ತಮ್ಮ ಬಂದರಲ್ಲಿ ಆಫೀಸರ್" ಎನ್ನುತ್ತೀಯೆಂದು ವರದಿಯಾಗಿದೆ. ತಿದ್ದಿಕೋ. ನಾನು ಸನ್ನೆಗಾರ. ಹಡಗಿನ ಹೊಟ್ಟೆಯ ಬಾಯಲ್ಲಿ ನಿಂತು, ಕ್ರೇನಿನ ಗೂಡಿನಲ್ಲಿ ಕೂತಿರುವ ಅಟ್ಟದ ಮಾವನಿಗೆ (ಅಷ್ಟು ಎತ್ತರದಲ್ಲಿ ಕೂತವನನ್ನು ಇನ್ನೇನೆಂದು ಕರೆಯುವುದು?) ಎತ್ತು, ಇಳಿಸು, ತಡಿ ಎಂದು ಕೈಯಲ್ಲೇ ಹೇಳುವುದು ನನ್ನ ಉದ್ಯೋಗ. ಅವನಿಗೆ ಕೆಳಗಿರುವವರು ಕಾಣುವುದಿಲ್ಲ. ಕೆಳಗಿರುವವರಿಗೆ ಅವನು ಕಾಣುವುದಿಲ್ಲ. ನಡುವೆ ನನ್ನ ಎರಡು ಕೈ.

ನಮ್ಮ ತಂಡದಲ್ಲಿ ಇಪ್ಪತ್ತೆರಡು ಜನ. ಎಂಟು ಗಂಟೆಯವರೆಗಿನ ಕೆಲಸವನ್ನು ಮೇಸ್ತ್ರಿ ರಟ್ಟಿನ ಪುಸ್ತಕದಲ್ಲಿ ಶಾಯಿಯಿಂದ ಬರೆಯುತ್ತಾರೆ. ಎಂಟು ದಾಟಿತೋ, ಪುಸ್ತಕ ಮುಚ್ಚಿ ಸ್ಲೇಟು ತೆಗೆಯುತ್ತಾರೆ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಎಂಬ ಕಾನೂನು ಪುಸ್ತಕಕ್ಕೆ ಮಾತ್ರ. ಸ್ಲೇಟಿಗೆ ಸ್ಲೇಟಿನದೇ ಕಾನೂನು: ನಾಲ್ಕು ಗಂಟೆಗೆ ಒಂದು ಗೀಟು, ಅದಕ್ಕೂ ಒಂಟಿ ಕೂಲಿ. ಮೂರೂಮುಕ್ಕಾಲು ಗಂಟೆಗೆ ಗೀಟಿಲ್ಲ. ಹಡಗಿನಲ್ಲಿ ಸಾಮಾನು ಮುಗಿಯುತ್ತ ಬಂದರೆ ನಮ್ಮ ಮೇಸ್ತ್ರಿಯ ಕರುಣೆ ಸರಿಯಾಗಿ ಮೂರೂಮುಕ್ಕಾಲಿಗೇ ಉಕ್ಕುತ್ತದೆ: "ಸಾಕು ಹೋಗ್ರಪ್ಪ, ಪಾಪ, ಸುಸ್ತಾಗಿದ್ದೀರಿ." ಶನಿವಾರ ಸಂಜೆ ಸ್ಲೇಟಿಗೆ ಒದ್ದೆ ಬಟ್ಟೆಯ ಅಭ್ಯಂಜನ. ಸೋಮವಾರಕ್ಕೆ ಅದು ಎಳೆಮಗುವಿನಷ್ಟು ನಿಷ್ಪಾಪಿ.

ಕಳೆದ ತಿಂಗಳು ಒಬ್ಬ ಸನ್ನೆಗಾರ ಇಪ್ಪತ್ತೆರಡನೆಯ ಗಂಟೆಯಲ್ಲಿ 'ತಡಿ' ಎನ್ನುವ ಬದಲು 'ಇಳಿಸು' ಎಂದುಬಿಟ್ಟ. ಎರಡು ಟನ್ ಕಬ್ಬಿಣದ ಸರಳು ಗಿಡ್ಡನಿಂದ ಒಂದು ಗೇಣು ಆಚೆ ಬಂದು ಕೂತಿತು. ಗಿಡ್ಡ ನಮ್ಮ ತಂಡದಲ್ಲೇ ಎತ್ತರದವನು. ಅವನಿಗೆ ಏನೂ ಆಗಲಿಲ್ಲ, ಅವನ ಊಟದ ಡಬ್ಬಿ ಮಾತ್ರ ಅಂಚೆ ಕಾರ್ಡಿನಷ್ಟು ತೆಳ್ಳಗಾಯಿತು. "ವಿಳಾಸ ಬರೆದು ಡಬ್ಬಕ್ಕೆ ಹಾಕ್ಬಹುದು ನೋಡ್ರೋ" ಎಂದು ಅವನೇ ನಗಿಸಿದ. ನಗಿಸಿದವನು ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ಅದಾದ ಮೇಲೆ ನಮ್ಮ ಯೂನಿಯನ್ ಕಾರ್ಯದರ್ಶಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಾರೆ. ಬೇಡಿಕೆ ಎರಡು: ಆರು ವರ್ಷದ ಓವರ್‌ಟೈಮಿಗೆ ದುಪ್ಪಟ್ಟು ಕೂಲಿ. ಇನ್ನು ಮುಂದೆ ಯಾರನ್ನೂ ಹನ್ನೆರಡು ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು. ಇಲಾಖೆಯ ಅಧಿಕಾರಿಣಿ ಕೇಳಿದ್ದು ಒಂದೇ ಮಾತು: "ದಾಖಲೆ?" ಸ್ಲೇಟು ಹಾಜರಾಯಿತು, ಫಳಫಳ ಹೊಳೆಯುತ್ತ. ಹಡಗು ಕಟ್ಟೆಗೆ ತಾಗಿದ ಹೊತ್ತು, ಬಿಟ್ಟ ಹೊತ್ತು ಬರೆದಿಡುವ ಕಟ್ಟೆಪುಸ್ತಕ ಕೊಡಿ ಎಂದರೆ ಬಂದರಿನ ವಕೀಲರು ಎದೆಯ ಮೇಲೆ ಕೈಯಿಟ್ಟು "ಗೆದ್ದಲು ತಿಂದಿದೆ ಮೇಡಂ" ಎಂದರು. ಅಂಥ ದುಃಖವನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ.

ಆಗ ನಿನ್ನ ಸುಗ್ರೀವಾಜ್ಞೆ ನೆನಪಾಯಿತು. ನನ್ನ ಹಳೆಯ ಪತ್ರಗಳನ್ನು ಇಟ್ಟಿದ್ದೀಯಾ? ಒಲೆಗೆ ಹಾಕಿದ್ದರೂ ಬೇಸರವಿಲ್ಲ, ಹೇಳಿಬಿಡು.

ನಿನ್ನ ತಮ್ಮ

&nbsp;

20 ಜನವರಿ 1986

ಸನ್ನೆ ಮಹಾಶಯನಿಗೆ,

ಒಲೆಗೆ ಹಾಕುವುದೇ! ಹದಿನಾಲ್ಕು ವರ್ಷದಿಂದ ಪುರಸಭೆಯ ಲೈಬ್ರರಿಯಲ್ಲಿ ಸಹಾಯಕಿಯಾಗಿರುವವಳನ್ನು ಕೇಳುವ ಮಾತೇ ಇದು? ಇಲ್ಲಿ ಹಲ್ಲು ನೋವಿನ ಔಷಧದ ಜಾಹೀರಾತಿಗೂ ನಂಬರು ಬೀಳುತ್ತದೆ.

ಕೇಳಿಸಿಕೋ. ನಿನ್ನ ಹಳೆಯ ಪತ್ರಗಳು ಒಟ್ಟು ಅರವತ್ಮೂರು. ಮೊನ್ನೆಯದು ಅರವತ್ತನಾಲ್ಕು. ಪ್ರತಿಯೊಂದಕ್ಕೂ ಬಂದ ದಿನವೇ ಲೈಬ್ರರಿಯ ತಾರೀಕಿನ ಮೊಹರು ಒತ್ತಿದ್ದೇನೆ. ಸರ್ಕಾರಿ ಮೊಹರನ್ನು ಸ್ವಂತಕ್ಕೆ ಬಳಸಿದ್ದಕ್ಕೆ ನನ್ನನ್ನು ಹಿಡಿದುಕೊಂಡು ಹೋಗುವುದಾದರೆ ನೀನು ಜಾಮೀನಿಗೆ ಬಾ. ಅದಕ್ಕೊಂದು ರಿಜಿಸ್ಟರೂ ಇದೆ: ನಂಬರು, ತಾರೀಕು, ನಿಂತದ್ದು, ಮಲಗಿದ್ದು, ವಿಭಾಗ. ಓದುವ ಕೋಣೆಯಲ್ಲಿ ಪೇಪರು ಮುಖಕ್ಕೆ ಹಿಡಿದು ಗೊರಕೆ ಹೊಡೆಯುವ ಮೂವರು ನಿವೃತ್ತರನ್ನು ಬಿಟ್ಟರೆ ಮಧ್ಯಾಹ್ನ ನನಗೆ ಬೇರೆ ಕೆಲಸವಿರುವುದಿಲ್ಲ. ಅವರನ್ನು ನಾನು ಎಬ್ಬಿಸುವುದಿಲ್ಲ. ಮಲಗಿದವರನ್ನು ಎಬ್ಬಿಸುವುದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ.

ರಿಜಿಸ್ಟರು ತಿರುವಿದಾಗ ಒಂದು ಸಂಗತಿ ಕಂಡಿತು. ಮೊದಲ ಮೂರು ವರ್ಷದಲ್ಲಿ ನಲವತ್ತು ಪತ್ರ ಬರೆದಿದ್ದೀಯ. ಆಮೇಲಿನ ಮೂರು ವರ್ಷದಲ್ಲಿ ಇಪ್ಪತ್ಮೂರೇ. ಶಾಯಿಯ ಬೆಲೆ ಏರಿತೇನೋ ಅಂದುಕೊಂಡೆ.

ನಲವತ್ತೊಂದನೆಯದು 1983ರ ಮಾರ್ಚಿನದು, ನನ್ನ ಹೊಟ್ಟೆಯ ಆಪರೇಷನ್ ಆದಾಗ ಬಂದದ್ದು. "ಬಸ್ಸು ಹತ್ತಲು ಹೊರಟವನನ್ನು ಗೇಟಿನಿಂದಲೇ ಎಳೆದುಕೊಂಡರು, ಹಡಗು ಬಂತು, ನಿಂತದ್ದು ಮೂವತ್ತಾರು ಗಂಟೆ, ಮಲಗಿದ್ದು ಸೊನ್ನೆ" ಅಂತ. ನೀನು ಬರಲಾಗದ್ದಕ್ಕೆ ಎದುರು ಮನೆಯ ಬಸ್ ಕಂಡಕ್ಟರು ಆಸ್ಪತ್ರೆಯ ಫಾರಮ್ಮಿಗೆ ಸಹಿ ಹಾಕಿದರಲ್ಲ, ಸಂಬಂಧ ಎಂಬಲ್ಲಿ 'ತಮ್ಮ' ಎಂದೇ ಬರೆದರು. ನನಗಿಂತ ಹನ್ನೆರಡು ವರ್ಷ ದೊಡ್ಡವರು, ತಲೆಯೆಲ್ಲ ಬೆಳ್ಳಗೆ. ಡಾಕ್ಟರು ಅವರನ್ನೂ ನನ್ನನ್ನೂ ನೋಡಿ, "ತಮ್ಮನಿಗೆ ಚಿಂತೆ ಜಾಸ್ತಿ ಅನ್ಸತ್ತೆ" ಎಂದರು.

ಅದೂ ಬೇಕಾ? ಯಾವುದು ಬೇಕು, ಯಾವುದು ಬೇಡ, ನೀನೇ ಯೋಚಿಸಿ ಹೇಳು.

ಆ 'ಒಬ್ಬ ಸನ್ನೆಗಾರ'ನಿಗೆ ನನ್ನ ಪರವಾಗಿ ಹೇಳು: ಗಿಡ್ಡ ಬದುಕಿದ್ದಾನೆ, ಇನ್ನಾದರೂ ಕಣ್ಣು ಮುಚ್ಚಿ ಮಲಗು.

ಅಕ್ಕ

&nbsp;

29 ಜನವರಿ 1986

ನಿಂತದ್ದು: 17. ಮಲಗಿದ್ದು: 5.

ಅಕ್ಕಾ,

ಆ ಸನ್ನೆಗಾರ ಯಾರೆಂದು ನಾನು ಬರೆದಿರಲಿಲ್ಲ. ನೀನೂ ಕೇಳಲಿಲ್ಲ. ಹಾಗೇ ಇರಲಿ.

ನಿನ್ನ ಮೊಹರಿನ ಸುದ್ದಿ ಕೇಳಿ ನಮ್ಮ ಕಾರ್ಯದರ್ಶಿ ಕುರ್ಚಿಯಿಂದ ಎದ್ದು ನಿಂತರು. ಅವರದು ಭಾಷಣದ ಗಂಟಲು. "ನೀರು ಕೊಡಿ" ಎಂದರೂ ಮೂರು ಬೀದಿಗೆ ಕೇಳುತ್ತದೆ. "ಮೊಹರು! ತಾರೀಕು! ಗಂಟೆ! ನಿಮ್ಮಕ್ಕನ್ನ ನಮ್ಮ ಯೂನಿಯನ್ ಅಧ್ಯಕ್ಷೆ ಮಾಡ್ಬೇಕು ಕಣ್ರೀ!" ಪಕ್ಕದ ಶೆಡ್ಡಿನಲ್ಲಿದ್ದ ಮೇಸ್ತ್ರಿಗೂ ಕೇಳಿಸಿದೆ. ಆ ಸಂಜೆ ಸ್ಲೇಟು ಒರೆಸುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಟ್ಟೆ ಸಾಲದೆ ಬಂದರೆ ನನ್ನನ್ನೇ ಹಿಂಡಿ ಬಳಸುವವರಂತೆ.

ಎಲ್ಲವನ್ನೂ ಕಳಿಸು. ನಲವತ್ತೊಂದು ಮಾತ್ರ ಬೇಡ. ಅದರಲ್ಲಿ ನಿನ್ನ ಕಾಯಿಲೆಯ ಮಾತಿದೆ. ನಿನ್ನ ಹೊಟ್ಟೆಯೊಳಗಿನ ಸಂಗತಿಯನ್ನು ಕರಿ ಕೋಟಿನ ವಕೀಲರು ಗಟ್ಟಿಯಾಗಿ ಓದುವುದು ನನಗೆ ಸರಿ ಕಾಣುವುದಿಲ್ಲ. ಅರವತ್ತೆರಡು ಸಾಕು. ಅರವತ್ತೆರಡಕ್ಕೆ ಸಿಗದ ನ್ಯಾಯ ಅರವತ್ಮೂರಕ್ಕೆ ಸಿಗುತ್ತದೆಯೇ?

ಅಟ್ಟದ ಮಾವ ನಿನಗೆ ನಮಸ್ಕಾರ ಹೇಳಿದ್ದಾನೆ. ಹದಿನೇಳು ಗಂಟೆ ಮೇಲೆ ಕೂತು ಇಳಿದವನಿಗೆ ನೆಲ ತೂಗುತ್ತದಂತೆ. ಕೈ ಹಿಡಿದು ಕೋಣೆಗೆ ಕರೆದುಕೊಂಡು ಬಂದೆ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಎದುರು ಬದುರು ಮಂಚದವರು ಎಂಬುದು ನಿನಗೆ ಗೊತ್ತು. ಈಗ ಅವನು ಬೂಟು ಹಾಕಿಕೊಂಡೇ ಮಲಗಿದ್ದಾನೆ. ನಾನು ಬಿಚ್ಚಲು ಹೋಗುವುದಿಲ್ಲ. ಬಗ್ಗಿದರೆ ನಾನೂ ಅಲ್ಲೇ.

ತಮ್ಮ

&nbsp;

8 ಫೆಬ್ರವರಿ 1986

ತಮ್ಮಾ,

ನಿಮ್ಮ ಕಾರ್ಯದರ್ಶಿ ನಿನಗಿಂತ ಚುರುಕು. ಪತ್ರಗಳ ಪಟ್ಟಿ ಬೇಕೆಂದು ನೇರವಾಗಿ ನನಗೇ ಬರೆದಿದ್ದರು. ನಿನ್ನ ಪತ್ರ ತಲುಪುವ ಮೊದಲೇ ನಾನು ಪಟ್ಟಿ ಮಾಡಿ ಕಳಿಸಿಯಾಗಿತ್ತು: ನಂಬರು, ತಾರೀಕು, ಗಂಟೆ. ಒಂದರಿಂದ ಅರವತ್ಮೂರು. ಅವರು ಅದನ್ನು ಇಲಾಖೆಗೂ ಕೊಟ್ಟುಬಿಟ್ಟಿದ್ದಾರಂತೆ.

ಇನ್ನು ನಲವತ್ತೊಂದನ್ನು ಹಾರಿಸಿದರೆ ವಕೀಲರು ಮೊದಲು ಕೇಳುವುದೇ ಅದನ್ನು. ಪುಸ್ತಕದಲ್ಲಿ ಒಂದು ಹಾಳೆ ಹರಿದಿದ್ದರೆ ಓದುಗರು ಉಳಿದ ಮುನ್ನೂರು ಹಾಳೆ ಬಿಟ್ಟು ಆ ಹಾಳೆಯಲ್ಲಿ ಏನಿತ್ತು ಎಂದೇ ನನ್ನ ಪ್ರಾಣ ತಿನ್ನುತ್ತಾರೆ.

ನನ್ನ ಹಿಂದಿನ ಪತ್ರವನ್ನು ನೀನು ಓದಿ ಹೇಳಿರಬೇಕು, ನಿಮ್ಮ ಕಾರ್ಯದರ್ಶಿಗೆ ನಲವತ್ತೊಂದರ ಮೇಲೇ ಕಣ್ಣು. "ಮೂವತ್ತಾರು ಗಂಟೆ, ಆಸ್ಪತ್ರೆಯಲ್ಲಿ ಒಂಟಿಯಾಗಿ ಅಕ್ಕ – ಇದನ್ನೇ ಮೊದಲು ಓದಿಸುತ್ತೇವೆ" ಎಂದು ಬರೆದಿದ್ದಾರೆ. ಕಾಗದದಲ್ಲೂ ಅವರ ಗಂಟಲು ಕೇಳಿಸುತ್ತದೆ.

ನನ್ನ ಹೊಟ್ಟೆಯ ಮಾನ ಕಾಪಾಡಲು ಹೊರಟದ್ದಕ್ಕೆ ಸಂತೋಷ. ಆದರೆ ನಾನು ನಲವತ್ತೊಂದನ್ನು ಈಗಷ್ಟೇ ತೆಗೆದು ನೋಡಿದೆ. ಅದರಲ್ಲಿ ನನ್ನ ಕಾಯಿಲೆಯ ಬಗ್ಗೆ ಅರ್ಧ ಸಾಲೂ ಇಲ್ಲ.

ಅಕ್ಕ

&nbsp;

13 ಫೆಬ್ರವರಿ 1986 (ಕಾರ್ಡು)

ನಿಂತದ್ದು: 21. ಮಲಗಿದ್ದು: ಇನ್ನೂ ಇಲ್ಲ.

ಅಕ್ಕಾ, ಪತ್ರಗಳ ಕಟ್ಟು ಕಳಿಸಬೇಡ. ಯಾವುದನ್ನೂ ಕಳಿಸಬೇಡ. ಹಡಗು ಇನ್ನೂ ನಿಂತಿದೆ. ಮುಗಿದ ಕೂಡಲೇ ಬರೆಯುತ್ತೇ

&nbsp;

16 ಫೆಬ್ರವರಿ 1986

ನಿಂತದ್ದು: 0. ಮಲಗಿದ್ದು: 27.

ಅಕ್ಕಾ,

ಮೇಲಿನ ಅಂಕಿ ಇವತ್ತಿನದಲ್ಲ. ನಲವತ್ತೊಂದನೆಯ ಪತ್ರದ ತಿದ್ದುಪಡಿ.

ಆ ಗುರುವಾರ ಬೆಳಿಗ್ಗೆ ಆರಕ್ಕೆ ಸಿಮೆಂಟಿನ ಹಡಗು ಬಂತು. ಶುಕ್ರವಾರ ಮಧ್ಯಾಹ್ನ ಒಂದಕ್ಕೆ ಮುಗಿಯಿತು. ಮೂವತ್ತೊಂದು ಗಂಟೆ. ಅದನ್ನು ಗೇಟಿನ ಬಳಿಯೇ ನಿಂತು ನಲವತ್ತನೆಯ ಪತ್ರದಲ್ಲಿ ನಿನಗೆ ಬರೆದೆ. ರಾತ್ರಿ ಎಂಟರ ಬಸ್ಸಿಗೆ ಟಿಕೆಟ್ ಜೇಬಿನಲ್ಲಿತ್ತು. ಶನಿವಾರ ಹತ್ತು ಗಂಟೆಗೆ ನಿನ್ನ ಆಪರೇಷನ್. ಎಲ್ಲವೂ ಸರಿಯಾಗಿತ್ತು.

ಕೋಣೆಗೆ ಬಂದೆ. ಬೂಟು ಬಿಚ್ಚಲು ಮಂಚದ ಮೇಲೆ ಕೂತೆ. "ಮಾವ, ಏಳಕ್ಕೆ ಎಬ್ಬಿಸು" ಎಂದೆ. "ಆಯ್ತು. ನನ್ನ ಆರೂವರೆಗೆ ನೀನು ಎಬ್ಬಿಸು" ಎಂದ. ಅದೇ ಮೂವತ್ತೊಂದು ಗಂಟೆ ಕ್ರೇನಿನಲ್ಲಿ ಕೂತಿದ್ದ ಮನುಷ್ಯ. ಹೀಗೆ ಪರಸ್ಪರ ಎಬ್ಬಿಸುವ ಒಪ್ಪಂದಕ್ಕೆ ಬಂದು ಇಬ್ಬರೂ ಮಲಗಿದೆವು. ಆ ಹೊತ್ತಿಗೆ ಅದರಲ್ಲಿ ನಮಗಿಬ್ಬರಿಗೂ ಯಾವ ಲೋಪವೂ ಕಾಣಲಿಲ್ಲ.

ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲು. ಒಂದು ಕಾಲಿನಲ್ಲಿ ಬೂಟು ಹಾಗೇ ಇತ್ತು. ಐದಾಗಿದೆ, ಒಳ್ಳೆಯದಾಯಿತು, ಮೂರು ಗಂಟೆ ನಿದ್ದೆಯಾಯಿತು ಅಂದುಕೊಂಡು ಮುಖ ತೊಳೆದು, ತಲೆ ಬಾಚಿ, ನಿನಗೆಂದು ಕೊಂಡಿದ್ದ ಬಿಸಿನೀರಿನ ಚೀಲವನ್ನೂ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಕಿಟಕಿಯವನು ಟಿಕೆಟನ್ನು ತಿರುಗಿಸಿ ನೋಡಿದ.

"ಇದು ನಿನ್ನೇದಲ್ವೇನ್ರೀ?"

"ಇವತ್ತಿಂದು. ಶುಕ್ರವಾರದ್ದು."

"ಶುಕ್ರವಾರದ್ದು ಹೌದು. ಇವತ್ತು ಶುಕ್ರವಾರ ಅಲ್ಲ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಪಕ್ಕಕ್ಕೆ ಬಂದು ಪೇಪರಿನ ಅಂಗಡಿಯಲ್ಲಿ ತಾರೀಕು ನೋಡಿದೆ. ಶನಿವಾರ. ನಿನ್ನ ಹೊಟ್ಟೆ ಕೊಯ್ದು, ಹೊಲಿದು, ಆರು ಗಂಟೆಯಾಗಿತ್ತು.

ಆಗಲೂ ಬಸ್ಸಿತ್ತು. ಹತ್ತಬಹುದಿತ್ತು. ಹತ್ತಲಿಲ್ಲ ಅಕ್ಕಾ. ಏನೆಂದು ಹೇಳಿಕೊಂಡು ಬರಲಿ? 'ನಿನ್ನನ್ನು ಕೊಯ್ಯುವಾಗ ನಾನು ಮಲಗಿದ್ದೆ' ಎಂದೇ? ಹಡಗು ಬಂತು ಎಂದರೆ ನೀನು ಬಂದರನ್ನು ಬೈಯುತ್ತೀಯ. ಬಂದರಿಗೆ ಬೈಸಿಕೊಂಡು ಅಭ್ಯಾಸವಿದೆ. ಭಾನುವಾರ ಕೂತು ನಲವತ್ತೊಂದನ್ನು ಬರೆದೆ. ಆ ಎರಡು ದಿನ ಕಟ್ಟೆಯಲ್ಲಿ ಒಂದು ದೋಣಿಯೂ ಇರಲಿಲ್ಲ.

ಅದಾದ ಮೇಲೆ ನಿನಗೆ ಬರೆಯಲು ಕೂತಾಗಲೆಲ್ಲ ಆ ಎರಡು ಅಂಕಿಗಳ ಹತ್ತಿರ ಕೈ ನಿಲ್ಲುತ್ತಿತ್ತು. ಶಾಯಿಯ ಬೆಲೆ ಏರಿರಲಿಲ್ಲ.

ಈಗ ಹೇಳು. ಗೆದ್ದಲಿಗೆ ಯಾವ ಪುಸ್ತಕ ತಿನ್ನಬೇಕು, ಯಾವುದನ್ನು ಬೇಕಾದಾಗ ಉಗುಳಬೇಕು ಎಂಬುದು ವಕೀಲರಿಗಿಂತ ಚೆನ್ನಾಗಿ ಗೊತ್ತು. ಕಟ್ಟೆಪುಸ್ತಕ ತೆಗೆದು ನಲವತ್ತೊಂದು ಸುಳ್ಳೆಂದು ಅವರು ತೋರಿಸಿದರೆ ಅರವತ್ತೆರಡೂ ಸುಳ್ಳಾಗುತ್ತವೆ. ಇಪ್ಪತ್ತೆರಡು ಜನರ ಆರು ವರ್ಷ ಸ್ಲೇಟಿನ ಜೊತೆ ಒರೆಸಿ ಹೋಗುತ್ತದೆ. ಗಿಡ್ಡ ದಿನಾ ನನ್ನನ್ನು ಕೇಳುತ್ತಾನೆ, "ಅಕ್ಕನ ಕಟ್ಟು ಬಂತಾ?" ಅವನಿಗೆ ಹೊಸ ಡಬ್ಬಿ ಕೊಡಿಸಿದ್ದೇನೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಯಲ್ಲಿಲ್ಲ.

ತಮ್ಮ

&nbsp;

2 ಮಾರ್ಚ್ 1986 (ಕಾರ್ಡು)

ನಿಂತದ್ದು: 16. ಮಲಗಿದ್ದು: 5.

ಅಕ್ಕಾ, ನನ್ನ ಪತ್ರ ತಲುಪಿತೇ? ವಿಚಾರಣೆ ಏಪ್ರಿಲ್ ಇಪ್ಪತ್ನಾಲ್ಕಕ್ಕೆ ಮುಂದೆ ಹೋಗಿದೆ.

&nbsp;

19 ಮಾರ್ಚ್ 1986 (ಕಾರ್ಡು)

ನಿಂತದ್ದು: 20. ಮಲಗಿದ್ದು: 3.

ಬೈದಾದರೂ ಒಂದು ಸಾಲು ಬರಿ. ಬೈಗುಳಕ್ಕೂ ನಂಬರು ಹಾಕಿ ಇಟ್ಟುಕೊಳ್ಳುತ್ತೇನೆ.

&nbsp;

6 ಏಪ್ರಿಲ್ 1986

ತಮ್ಮಾ,

ನಿನ್ನ ಪತ್ರಕ್ಕೆ ಏಳು ವಾರ ಮೊಹರು ಒತ್ತಲಿಲ್ಲ. ಮೇಜಿನ ಡ್ರಾಯರಿನಲ್ಲಿ ಹಾಗೇ ಬಿದ್ದಿತ್ತು. ನಿನ್ನೆ ಒತ್ತಿದೆ.

ನಲವತ್ತೊಂದು ಸುಳ್ಳು ಎಂಬುದು ನನಗೆ ಅದು ಬಂದ ದಿನವೇ ಗೊತ್ತಿತ್ತು. ನೀನು ನಿಂತು ಬಂದು ಬರೆದ ಪತ್ರಗಳನ್ನು ನೀನೇ ಒಮ್ಮೆ ನೋಡಬೇಕು. ಹದಿನೈದು ಗಂಟೆಯ ಪತ್ರದಲ್ಲಿ ಸಾಲುಗಳು ಬಲಕ್ಕೆ ಹೋಗುತ್ತ ಸ್ವಲ್ಪ ಇಳಿಯುತ್ತವೆ. ಇಪ್ಪತ್ತು ದಾಟಿದರೆ ಏಣಿ ಇಳಿದ ಹಾಗೆ. ನಲವತ್ತನೆಯದರಲ್ಲಿ ಕೊನೆಯ ಸಾಲು ಹಾಳೆಯ ಮೂಲೆಯಿಂದ ಆಚೆ ಬಿದ್ದೇ ಹೋಗಿದೆ: "ಶನಿವಾರ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನಾನು". ಅಷ್ಟೇ. ಕ್ರಿಯಾಪದವಿಲ್ಲದೆ ಅಂಚೆಗೆ ಹಾಕಿದ್ದೀಯ. ಮೇಲೆಲ್ಲ ಸಿಮೆಂಟಿನ ಬೆರಳಚ್ಚು.

ಮೂರು ದಿನ ಬಿಟ್ಟು ನಲವತ್ತೊಂದು ಬಂತು. ಮೂವತ್ತಾರು ಗಂಟೆ ನಿಂತವನ ಪತ್ರ! ಶುಭ್ರವಾದ ಹಾಳೆ, ಗೆರೆ ಎಳೆದಂಥ ಸಾಲು, ಒಂದು ಒತ್ತಕ್ಷರವೂ ತಪ್ಪಿಲ್ಲ. ಮೊಹರು, ರಿಜಿಸ್ಟರು ಎರಡನ್ನೂ ಆಸ್ಪತ್ರೆಯ ಮಂಚಕ್ಕೇ ತರಿಸಿಕೊಂಡಿದ್ದೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಓದಿದೆ. ಚೆನ್ನಾಗಿ ನಿದ್ದೆ ಮಾಡಿ ಎದ್ದವನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ?

ಎಲ್ಲಿ, ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಆಸ್ಪತ್ರೆ ಎಂದರೆ ನಿನಗೆ ಮೊದಲಿನಿಂದ ಹೆದರಿಕೆ. ಇವನು ಹೆದರಿ, ಸ್ನೇಹಿತರ ಜೊತೆ ಎಲ್ಲೋ ಹಾಯಾಗಿ ಎರಡು ದಿನ ಕಳೆದು, ನನ್ನ ಕಿವಿಗೆ ಹೂವಿಟ್ಟಿದ್ದಾನೆ ಅಂದುಕೊಂಡೆ. ಮೂರು ವರ್ಷ ಹಾಗೇ ಅಂದುಕೊಂಡಿದ್ದೆ. ನೀನು ಬರೆದದ್ದು ಕಡಿಮೆಯಾದಾಗ, 'ಬೇಡದ ಅಕ್ಕ' ಅಂದುಕೊಂಡೆ. ಜನವರಿಯಲ್ಲಿ 'ಅದೂ ಬೇಕಾ' ಎಂದು ಕೇಳಿದ್ದು ಈಗಲಾದರೂ ಬಾಯಿ ಬಿಡುತ್ತೀಯೇನೋ ಎಂದು. ನೀನು ನನ್ನ ಹೊಟ್ಟೆಯ ಮಾನದ ಕಥೆ ಹೇಳಿದೆ.

ನಿದ್ದೆ ಬಂದು ಮಲಗಿದವನ ಮೇಲೆ ಮೂರು ವರ್ಷ ಸಿಟ್ಟು ಹೊತ್ತಿದ್ದೇನೆ. ಅದೂ ಓವರ್‌ಟೈಮೇ. ನನಗೆ ಯಾವ ಇಲಾಖೆ ಕೊಡುತ್ತದೆ?

ಆದರೆ ಒಂದು ಹೇಳುತ್ತೇನೆ. ಶನಿವಾರ ಸಂಜೆ ಬಸ್ಸು ಹತ್ತಿದ್ದರೆ ಭಾನುವಾರ ಬೆಳಿಗ್ಗೆ ನನ್ನ ಮಂಚದ ಪಕ್ಕದಲ್ಲಿರುತ್ತಿದ್ದೆ. ಅದನ್ನು ನಿದ್ದೆಯ ಲೆಕ್ಕಕ್ಕೆ ಬರೆಯಬೇಡ. ಕಂಡಕ್ಟರು ಡ್ಯೂಟಿಗೆ ಹೋದ ಮೇಲೆ ಭಾನುವಾರವೆಲ್ಲ ನಾನು ಬಾಗಿಲು ನೋಡಿದ್ದೇನೆ. ಈ ಏಳು ವಾರ ಅದಕ್ಕೆ.

ಕಟ್ಟನ್ನು ನಿನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಅರವತ್ಮೂರೂ ಇವೆ. ನನ್ನ ರಿಜಿಸ್ಟರನ್ನೂ ಜೊತೆಗೆ ಇಟ್ಟಿದ್ದೇನೆ. ಕೊನೆಯ ಅಂಕಣ ನೋಡು, ವಿಭಾಗ ಎಂಬುದು. ಅರವತ್ತೆರಡರ ಮುಂದೆ 'ನಡೆದದ್ದು' ಎಂದಿದೆ. ನಲವತ್ತೊಂದರ ಮುಂದೆ 17 ಮಾರ್ಚ್ 1983ರ ಮೊಹರಿನ ಕೆಳಗೆ 'ಕಥೆ' ಎಂದು ಆವತ್ತೇ ಬರೆದಿಟ್ಟಿದ್ದೇನೆ. ಅವರು ಕೇಳುವ ಮೊದಲು ನೀನೇ ಎದ್ದು ಹೇಳು. ಲೈಬ್ರರಿಯಲ್ಲಿ ಒಂದು ಕಥೆಪುಸ್ತಕ ಇದ್ದ ಮಾತ್ರಕ್ಕೆ ಉಳಿದ ಕಪಾಟೆಲ್ಲ ಸುಳ್ಳಾಗುವುದಿಲ್ಲ.

ಇನ್ನೊಂದು. ಮೇ ಮೂರು, ಶನಿವಾರ, ಹತ್ತು ಗಂಟೆಗೆ ಡಾಕ್ಟರು ಮತ್ತೆ ಕರೆದಿದ್ದಾರೆ. ಸಣ್ಣ ಕೆಲಸವಂತೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರಂತೆ. ಫಾರಮ್ಮು ಮಾತ್ರ ಅದೇ ಉದ್ದದ್ದು. ಕಂಡಕ್ಟರಿಗೆ ಬೇರೆ ಊರಿಗೆ ವರ್ಗವಾಗಿದೆ.

ಅಕ್ಕ

&nbsp;

27 ಏಪ್ರಿಲ್ 1986

ನಿಂತದ್ದು: 12. ಮಲಗಿದ್ದು: 8.

ಅಕ್ಕಾ,

ಅಂಕಿ ನೋಡಿ ಗಾಬರಿಯಾಗಬೇಡ. ಕ್ರಮವಾಗಿ ಹೇಳುತ್ತೇನೆ.

ವಿಚಾರಣೆ ಇಲಾಖೆಯ ಮೇಲ್ಮಹಡಿಯಲ್ಲಿ. ನಮ್ಮವರು ಇಪ್ಪತ್ತೆರಡೂ ಜನ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ನೇರ ಹಡಗಿನಿಂದ ಬಂದವರು. ಫ್ಯಾನಿನ ಗಾಳಿ ಬೀಸಿದ ಐದೇ ನಿಮಿಷಕ್ಕೆ ಹದಿನಾರು ಜನ ನಿದ್ದೆಹೋದರು. ಪಕ್ಕದವನಿಗೆ ತಿವಿದು ಎಬ್ಬಿಸಬೇಕಾದವರೂ ಅವರಲ್ಲೇ ಇದ್ದರು.

ನಾನು ಎದ್ದು ನಿಂತೆ. "ಮೇಡಂ, ನಲವತ್ತೊಂದನೇದು ಸುಳ್ಳು. ಆವತ್ತು ಹಡಗಿರಲಿಲ್ಲ. ನಾನು ಮಲಗಿದ್ದೆ" ಎಂದೆ. ನಮ್ಮ ಕಾರ್ಯದರ್ಶಿಯ ಗಂಟಲು ಜೀವಮಾನದಲ್ಲಿ ಮೊದಲ ಬಾರಿಗೆ ಕಟ್ಟಿತು. ಗಿಡ್ಡ ನನ್ನ ಕಡೆ ನೋಡಿದ್ದನ್ನು ನಾನು ನೋಡಲಿಲ್ಲ.

ವಕೀಲರು ಚೀಲಕ್ಕೆ ಕೈ ಹಾಕಿಯಾಗಿತ್ತು. ಅವರಿಗೆ ಮೊದಲೇ ಪತ್ತೆಯಾಗಿತ್ತೆಂದು ಕಾಣುತ್ತದೆ. ನಾನು ಒಪ್ಪಿಕೊಂಡರೂ ಅವರಿಗೆ ತೃಪ್ತಿಯಿಲ್ಲ. ಅಷ್ಟು ದಿನ ಸಿದ್ಧ ಮಾಡಿಕೊಂಡು ಬಂದ ಪಾತ್ರವನ್ನು ಆಡದೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ? "ಬರೀ ಬಾಯಿಮಾತಲ್ಲ ಮೇಡಂ, ಸಾಕ್ಷಿ ಇದೆ" ಎಂದು ಒಂದು ದಪ್ಪ ಪುಸ್ತಕ ತೆಗೆದು, ಮಾರ್ಚ್ ಹನ್ನೆರಡು ಹದಿಮೂರರ ಪುಟ ಬಿಡಿಸಿ, ಮೇಜಿನ ಮೇಲೆ ಧೊಪ್ಪನೆ ಇಟ್ಟರು. "ನೋಡಿ. ಕಟ್ಟೆ ಖಾಲಿ."

ಅಧಿಕಾರಿಣಿ ಪುಸ್ತಕದ ರಟ್ಟನ್ನು ಮುಚ್ಚಿ ಹೆಸರು ಓದಿದರು. ಮತ್ತೆ ತೆರೆದು ಹಾಳೆಗಳನ್ನು ಬೆರಳಿನಿಂದ ಸವರಿದರು.

"ಗೆದ್ದಲು ತಿಂದಿದ್ದು ಇದೇ ಪುಸ್ತಕ ಅಲ್ವಾ?"

ವಕೀಲರು ಕೆಮ್ಮಿದರು.

"ಒಂದು ತೂತೂ ಇಲ್ಲ. ಒಳ್ಳೇ ಗೆದ್ದಲು" ಎಂದರು ಅಧಿಕಾರಿಣಿ. "ಬಂದಿದ್ದು ಬಂತು. ನಲವತ್ತೊಂದು ನೋಡಿದ ಮೇಲೆ ಉಳಿದ ಅರವತ್ತೆರಡನ್ನೂ ನೋಡೇಬಿಡೋಣ."

ನಲವತ್ತರಿಂದ ಶುರುಮಾಡಿದರು. ಸಿಮೆಂಟಿನ ಹಡಗು: ತಾಗಿದ್ದು ಗುರುವಾರ ಆರು, ಬಿಟ್ಟದ್ದು ಶುಕ್ರವಾರ ಒಂದು. ನಿನ್ನ ಮೊಹರು ಒಂದು ಕಡೆ, ಅವರ ಪುಸ್ತಕ ಒಂದು ಕಡೆ. ಸಂಜೆ ಐದೂವರೆಗೆ ಮುಗಿಯಿತು. ಅರವತ್ತೆರಡರಲ್ಲಿ ಐವತ್ತೊಂಬತ್ತು ಗಂಟೆಗೆ ಗಂಟೆ ಹೊಂದಿದವು. ಮೂರರಲ್ಲಿ ನಾನೇ ಒಂದೊಂದು ಗಂಟೆ ಕಡಿಮೆ ಬರೆದಿದ್ದೆನಂತೆ. ನಿಂತ ಹೊತ್ತು ಮರೆತುಹೋಗಿರಬೇಕು. ನಲವತ್ತೊಂದು ಇಲ್ಲದಿದ್ದರೆ ಆ ಪುಸ್ತಕ ಚೀಲದಿಂದ ಹೊರಗೆ ಬರುತ್ತಲೇ ಇರಲಿಲ್ಲ ಎಂದು ಕಾರ್ಯದರ್ಶಿ ಈಗ ಊರೆಲ್ಲ ಹೇಳುತ್ತಿದ್ದಾರೆ, ಎಲ್ಲ ಅವರದೇ ಯೋಜನೆ ಎಂಬಂತೆ. ಹೇಳಿಕೊಳ್ಳಲಿ. ನಾನು ಅದನ್ನು ಬುದ್ಧಿಯಿಂದ ಬರೆದದ್ದಲ್ಲ, ನಾಚಿಕೆಯಿಂದ ಬರೆದದ್ದು.

ಹೊರಡುವಾಗ ಅಧಿಕಾರಿಣಿ ನನ್ನನ್ನು ಕರೆದರು. "ಇಪ್ಪತ್ತೇಳು ಗಂಟೆ ಮಲಗಿದ್ರಾ?" ಎಂದರು. ಹೌದೆಂದೆ. ಬರೆದುಕೊಂಡರು. ಅದಕ್ಕೆ ಓವರ್‌ಟೈಮ್ ಇಲ್ಲವೆಂದು ಗುಮಾಸ್ತರು ನಗುತ್ತ ತಿಳಿಸಿದರು.

ದೊಡ್ಡ ಗೆಲುವು ಎಂದುಕೊಳ್ಳಬೇಡ. ದುಪ್ಪಟ್ಟು ಕೂಲಿಯ ಆದೇಶ ಇನ್ನೂ ಬರೆಯಬೇಕು. ಬರೆದ ಮೇಲೆ ಬಂದರಿನವರು ಮೇಲ್ಮನವಿ ಹಾಕುತ್ತಾರೆ. ಅಷ್ಟರಲ್ಲಿ ನಮ್ಮಲ್ಲಿ ನಾಲ್ವರು ನಿವೃತ್ತರಾಗಿರುತ್ತಾರೆ. ಸದ್ಯಕ್ಕೆ ಸಿಕ್ಕಿದ್ದು ಎರಡು: ಸ್ಲೇಟಿನ ಜಾಗಕ್ಕೆ ಪುಸ್ತಕ, ಹನ್ನೆರಡು ಗಂಟೆಯಾದ ಕೂಡಲೇ ಕೈ ಬದಲು. ಮೊದಲ ದಿನ ಹನ್ನೆರಡಕ್ಕೆ ಹೊಸ ಸನ್ನೆಗಾರ ಬಂದು ಪಕ್ಕದಲ್ಲಿ ನಿಂತಾಗ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೈ ತಾನಾಗಿ ಬೀಸುತ್ತಲೇ ಇತ್ತು. "ಬಿಡಣ್ಣಾ, ಆಯ್ತು" ಎಂದು ಅವನೇ ನನ್ನ ಕೈ ಹಿಡಿದು ಕೆಳಗಿಳಿಸಿದ. ಮೇಸ್ತ್ರಿ ಅಭ್ಯಾಸಬಲದಿಂದ ಶನಿವಾರ ಸಂಜೆ ಒದ್ದೆ ಬಟ್ಟೆ ಹಿಡಿದು ಬಂದು, ಒರೆಸಲು ಏನೂ ಇಲ್ಲದೆ, ಕಿಟಕಿ ಒರೆಸಿ ಹೋದರು.

ಮೇ ಎರಡು, ಶುಕ್ರವಾರ, ರಾತ್ರಿ ಎಂಟರ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಆ ದಿನ ಬೆಳಿಗ್ಗೆ ಆರಕ್ಕೆ ನಿಂತರೆ ಸಂಜೆ ಆರಕ್ಕೆ ಕೈ ಬಿಡುತ್ತಾರೆ. ಕೋಣೆಗೆ ಹೋಗುವುದಿಲ್ಲ. ಗೇಟಿನಿಂದ ನೇರ ಬಸ್ ಸ್ಟ್ಯಾಂಡು. ಕೂರುವುದೂ ಇಲ್ಲ, ಎರಡು ಗಂಟೆ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ಅಷ್ಟು ನಿಂತು ಅಭ್ಯಾಸವಿದೆ. ಅಟ್ಟದ ಮಾವ ನನ್ನನ್ನು ಬಸ್ಸು ಹತ್ತಿಸಿಯೇ ಹೋಗುತ್ತೇನೆ ಎಂದಿದ್ದಾನೆ. ಹಳೆಯ ಬಾಕಿಯಂತೆ. ಬಿಸಿನೀರಿನ ಚೀಲ ಮೂರು ವರ್ಷದಿಂದ ಮಂಚದ ಕೆಳಗೇ ಇತ್ತು. ರಬ್ಬರು ಬಿರಿದಿದೆ, ಆದರೂ ತರುತ್ತೇನೆ. ಫಾರಮ್ಮಿನಲ್ಲಿ ಸಂಬಂಧ ಎಂಬಲ್ಲಿ ಏನೂ ಬರೆಯಬೇಡ, ಖಾಲಿ ಬಿಡು.

ನಲವತ್ತನೆಯ ಪತ್ರದಲ್ಲಿ ಒಂದು ಕ್ರಿಯಾಪದ ಬಾಕಿಯಿತ್ತಲ್ಲ. ಶನಿವಾರ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನಾನು ಇರುತ್ತೇನೆ.

ಈ ಪತ್ರದ ಸಾಲುಗಳು ನೆಟ್ಟಗಿವೆ ಎಂದು ಕಥೆಯ ವಿಭಾಗಕ್ಕೆ ಹಾಕಿಬಿಡಬೇಡ. ನಿಜವಾಗಿಯೂ ಹನ್ನೆರಡಕ್ಕೇ ಬಿಟ್ಟರು.

ನಿನ್ನ ತಮ್ಮ